ಟಾಪ್ ಫ್ಲೋರ್ ಮನೆ ರಾತ್ರಿ ಹನ್ನೊಂದಕ್ಕೂ ಯಾಕೆ ಬಿಸಿಯಾಗೇ ಇರುತ್ತೆ?

ಪ್ರಶ್ನೆ: ನಾವಿರೋದು ನಾಲ್ಕು ಮಹಡಿ ಬಿಲ್ಡಿಂಗಿನ ಟಾಪ್ ಫ್ಲೋರಲ್ಲಿ. ಬೇಸಿಗೇಲಿ ಸಂಜೆ ಹೊರಗೆ ಗಾಳಿ ತಣ್ಣಗಾಗಿರುತ್ತೆ, ಮನೆಯೊಳಗೆ ಮಾತ್ರ ಧಗಧಗ. ಎಲ್ಲಾ ಸೇರಿ ಟೆರೇಸಿಗೆ ಬಿಳಿ ಬಣ್ಣ ಹೊಡಿಸೋಣ ಅಂತಿದೀವಿ, ಉಪಯೋಗ ಇದ್ಯಾ? ಇನ್ನೊಂದು, ಮುಂದಿನ ವರ್ಷ ನಾನೊಂದು ಸಣ್ಣ ಮನೆ ಕಟ್ಟಿಸಬೇಕು, ಲೋ ಕಾರ್ಬನ್ ಮನೆ ಅಂತಾರಲ್ಲ ಅದು ನಿಜಾನಾ ಇಲ್ಲಾ ಬರೀ ಮಾರಾಟದ ಮಾತಾ? ಒಬ್ಬರು ಮನೆ ಸರಿ ಮಾಡ್ಕೊಂಡ್ರೆ ಊರಿನ ಬಿಸಿ ಕಮ್ಮಿ ಆಗುತ್ತಾ?

ಉತ್ತರ: "ಹೊರಗೆ ತಣ್ಣಗಿದ್ರೂ ಒಳಗೆ ಧಗಧಗ" ಅಂದ್ರಲ್ಲ, ಅಲ್ಲೇ ಅರ್ಧ ಉತ್ತರ ಇದೆ. ಎಲ್ಲರೂ ಮಧ್ಯಾಹ್ನದ ಬಿಸಿಲನ್ನ ಬೈತಾರೆ, ಆದ್ರೆ ನಗರದ ಬಿಸಿ ಹೆಚ್ಚಾಗಿ ರಾತ್ರಿಯ ಸಮಸ್ಯೆ. ಇದು ಹೊಸ ವಿಷಯ ಏನಲ್ಲ, ಲ್ಯೂಕ್ ಹೋವರ್ಡ್ ಅನ್ನೋ ಇಂಗ್ಲಿಷಿನವನು (ಮೋಡಗಳಿಗೆ ಈಗಲೂ ನಾವು ಬಳಸೋ ಹೆಸರುಗಳನ್ನ ಇಟ್ಟವನೂ ಇವನೇ) ಸುಮಾರು 200 ವರ್ಷದ ಹಿಂದೆ ಲಂಡನ್ ಒಳಗಿನ ತಾಪಮಾನ, ಊರಾಚೆ ಹಳ್ಳಿ ಕಡೆಯ ತಾಪಮಾನ ಎರಡನ್ನೂ ವರ್ಷಗಟ್ಟಲೆ ಪಕ್ಕಪಕ್ಕ ಇಟ್ಟು ನೋಡಿದ. ಹಗಲಲ್ಲಿ ಅಂಥಾ ವ್ಯತ್ಯಾಸ ಸಿಗಲಿಲ್ಲ, ರಾತ್ರಿ ಮಾತ್ರ ಊರು ಸುಮಾರು 2 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬೆಚ್ಚಗಿತ್ತು. ಆಗಿನ್ನೂ ಡಾಂಬರು ರೋಡೂ ಇಲ್ಲ, ಎಸಿನೂ ಇಲ್ಲ, ಕಾರಂತೂ ಇಲ್ವೇ ಇಲ್ಲ. ಕಲ್ಲು, ಇಟ್ಟಿಗೆ, ಒಲೆ ಇಷ್ಟರಲ್ಲೇ ಅಷ್ಟಾಗಿತ್ತು. ಹಗಲು ನುಂಗಿದ್ದನ್ನ ರಾತ್ರಿ ಕಕ್ಕೋದು, ಅಷ್ಟೇ ಕಥೆ, ನಿಮ್ಮ ಸ್ಲ್ಯಾಬೂ ಅದನ್ನೇ ಮಾಡ್ತಿದೆ.

ಒಂದು ಸಣ್ಣ ಲೆಕ್ಕ ಹಾಕೋಣ. ನೆತ್ತಿ ಮೇಲಿನ ಬಿಸಿಲು ಒಂದು ಚದರ ಮೀಟರಿಗೆ ಹೆಚ್ಚುಕಮ್ಮಿ 1000 ವ್ಯಾಟ್. ನಿಮ್ಮ ಟೆರೇಸು 100 ಚದರ ಮೀಟರ್ ಅಂದ್ಕೊಳ್ಳಿ, ಅಂದ್ರೆ ನೂರು ಇಸ್ತ್ರಿಪೆಟ್ಟಿಗೆನ ಒಟ್ಟಿಗೆ ಆನ್ ಮಾಡಿ ತಲೆ ಮೇಲೆ ಇಟ್ಟ ಹಾಗೆ. ಹಳೇ, ಕಪ್ಪಾದ ಕಾಂಕ್ರೀಟು ಅದರಲ್ಲಿ ಮುಕ್ಕಾಲು ಪಾಲನ್ನ ಹೀರ್ಕೊಳ್ಳುತ್ತೆ. ಐದಿಂಚಿನ ಸ್ಲ್ಯಾಬ್ ಅಷ್ಟು ಜಾಗಕ್ಕೆ ಸುಮಾರು 30 ಟನ್ ತೂಗುತ್ತೆ, ಅದರ ತಾಪ ಒಂದು ಡಿಗ್ರಿ ಏರೋಕೆ 7.5 ಯೂನಿಟ್ (ಕರೆಂಟ್ ಬಿಲ್ಲಲ್ಲಿರೋ ಯೂನಿಟ್ಟೇ) ಬಿಸಿ ಬೇಕು, ಹದಿನೈದು ಡಿಗ್ರಿ ಏರಿತು ಅಂದ್ರೆ ನೂರು ಯೂನಿಟ್‌ಗೂ ಜಾಸ್ತಿ ಬಿಸಿ ನಿಮ್ಮ ತಲೆ ಮೇಲೆ ಡೆಪಾಸಿಟ್ ಆಗಿರುತ್ತೆ. ಒಂದೂವರೆ ಟನ್ನಿನ ಎಸಿ ಒಂದು ಗಂಟೆಗೆ ಹೊರಗೆ ಹಾಕೋದೇ ಸುಮಾರು 5.3 ಯೂನಿಟ್ ಬಿಸಿ, ನೀವೇ ಭಾಗಿಸಿ ನೋಡಿ. ಪುಣ್ಯಕ್ಕೆ ಆ ಡೆಪಾಸಿಟ್ಟೆಲ್ಲಾ ಕೆಳಗೇ ಬರಲ್ಲ, ಒಂದಷ್ಟು ಆಕಾಶಕ್ಕೆ, ಗಾಳಿಗೆ ಹೋಗುತ್ತೆ. ಕೆಳಗೆ ಬರೋದು ಮಾತ್ರ ನಾಲ್ಕೈದು ಗಂಟೆ ತಡವಾಗಿ ಬರುತ್ತೆ, ಅದಕ್ಕೇ ನೀವು ಊಟ ಮಾಡಿ ಮಲಗೋ ಹೊತ್ತಿಗೆ ಸೀಲಿಂಗು ಕಾದ ಹೆಂಚಾಗಿರೋದು. ಕೈ ಮೇಲೆತ್ತಿ ಸೀಲಿಂಗ್ ಮುಟ್ಟಿ ನೋಡಿ ಗೊತ್ತಾಗುತ್ತೆ. ಫ್ಯಾನ್ ಹಾಕಿದ್ರೆ ಬಿಸಿ ಗಾಳಿನೇ ಬರುತ್ತೆ ಅಂತ ಟಾಪ್ ಫ್ಲೋರಿನವರು ಯಾವಾಗ್ಲೂ ಹೇಳ್ತಾರಲ್ಲ, ಅದು ಭ್ರಮೆ ಅಲ್ಲ, ಸೀಲಿಂಗಿಗೆ ಅಂಟ್ಕೊಂಡು ಕಾದಿರೋ ಗಾಳಿನೇ ಫ್ಯಾನು ಕೆಳಗೆ ತಳ್ಳೋದು.

ಹಾಗಾಗಿ ಬಿಳಿ ಬಣ್ಣ ಹೊಡಿಸಿ, ಖಂಡಿತ ಹೊಡಿಸಿ. ಒಳ್ಳೆ ಬಿಳಿ ಕೋಟಿಂಗು ಹೊಸದ್ರಲ್ಲಿ 80 ಪರ್ಸೆಂಟ್ ಬಿಸಿಲನ್ನ ವಾಪಸ್ ಕಳಿಸುತ್ತೆ, ಅಂದ್ರೆ ಸ್ಲ್ಯಾಬ್ ಹೀರ್ಕೊಳ್ತಿದ್ದ ಎಪ್ಪತ್ತೈದು ಇಸ್ತ್ರಿಪೆಟ್ಟಿಗೆ ಲೆಕ್ಕ ಇಪ್ಪತ್ತಕ್ಕೆ ಇಳೀತು. ಕೆಳಗಿನ ರೂಮಲ್ಲಿ ಸಾಮಾನ್ಯವಾಗಿ 2ರಿಂದ 4 ಡಿಗ್ರಿ ಇಳಿಕೆ ನಿರೀಕ್ಷೆ ಮಾಡಬಹುದು. ಮನೆನ ಗುಡ್ಡದ ಮೇಲಿನ ಬಂಗ್ಲೆ ಮಾಡುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಲಾಭ ಪೂರ್ತಿ ಟಾಪ್ ಫ್ಲೋರಿಗೆ, ಮೂರನೇ ಮಹಡಿಯವರಿಗೆ ಸ್ವಲ್ಪ, ಗ್ರೌಂಡ್ ಫ್ಲೋರಿನವರಿಗೆ ಏನೇನೂ ಇಲ್ಲ, ಆದ್ರಿಂದ ಖರ್ಚು ಹಂಚೋ ಮೀಟಿಂಗಲ್ಲಿ ಜಗಳ ಆಗದ ಹಾಗೆ ಇದನ್ನ ಮೊದ್ಲೇ ಹೇಳ್ಬಿಡಿ. ಬಿಳಿ ಬಣ್ಣದ ಶತ್ರು ಧೂಳು. ಒಂದೆರಡು ವರ್ಷದಲ್ಲಿ ಆ 80 ಅನ್ನೋದು 60ರ ಹತ್ರ ಬಂದಿರುತ್ತೆ, ಪ್ರತಿ ಬೇಸಿಗೆ ಶುರುವಲ್ಲಿ ಒಂದ್ಸಲ ಉಜ್ಜಿ ತೊಳೀಬೇಕು. ಬರೀ ಸುಣ್ಣ ಬಳಿದ್ರೂ ಆ ಬೇಸಿಗೆಗೆ ಕೆಲಸ ಆಗುತ್ತೆ, ಮಳೆಗೆ ಹೋಗುತ್ತೆ ಅಷ್ಟೇ. ಒಡೆದ ಬಿಳಿ ಟೈಲ್ಸ್ ಚೂರು ಕೂರಿಸಿದ್ರೆ ಬಾಳಿಕೆ ಜಾಸ್ತಿ, ಆದ್ರೆ ತೂಕ ಸ್ಲ್ಯಾಬಿನ ಮೇಲೆ ಬೀಳುತ್ತೆ, ಇಂಜಿನಿಯರ್‌ನ ಕೇಳಿ ಮಾಡಿ. ಎದುರು ಇನ್ನೂ ಎತ್ತರದ ಬಿಲ್ಡಿಂಗ್ ಇದ್ರೆ ಅವರ ಕಣ್ಣಿಗೆ ಬೆಳಕು ಕುಕ್ಕುತ್ತೆ, ಅದನ್ನೂ ಯೋಚಿಸಿ.

ನಾನು ಈ ಕೆಲಸಕ್ಕೆ ಹೊಸದಾಗಿ ಬಂದಾಗ ಮಾಡಿದ ಒಂದು ತಪ್ಪು ಹೇಳ್ತೀನಿ. ಒಂದು ಬಿಲ್ಡಿಂಗಿನ ಟೆರೇಸಲ್ಲಿ ಕೂದಲೆಳೆಯಂಥ ಬಿರುಕು ಇದ್ವು, ನೀರು ನಿಲ್ಲೋ ಮೂಲೆನೂ ಇತ್ತು, ಬಣ್ಣ ಹೊಡೆದ್ರೆ ಎಲ್ಲಾ ಮುಚ್ಚಿಹೋಗುತ್ತೆ ಅಂತ ಹೊಡಿಸ್ಬಿಟ್ಟೆ. ಮುಂದಿನ ಮಳೆಗಾಲ ಮುಗಿಯೋಷ್ಟರಲ್ಲಿ ಕೋಟಿಂಗು ಹಪ್ಪಳದ ಹಾಗೆ ಎದ್ದಿತ್ತು. ಮೊದ್ಲು ಇಳಿಜಾರು ಸರಿ ಮಾಡಿ, ಬಿರುಕು ತುಂಬಿಸಿ, ವಾಟರ್‌ಪ್ರೂಫಿಂಗ್ ಮುಗಿಸಿ, ಆಮೇಲೆ ಬಿಳಿ. ಈ ಕ್ರಮ ತಪ್ಪಬೇಡಿ. ಟೆರೇಸಿನ ಒಂದು ಭಾಗಕ್ಕೆ ಸೋಲಾರ್ ಪ್ಯಾನೆಲ್ ಹಾಕೋ ಪ್ಲಾನ್ ಇದ್ರೆ ಇನ್ನೂ ಒಳ್ಳೇದು, ಪ್ಯಾನೆಲ್ ಅಡಿಯ ಸ್ಲ್ಯಾಬಿಗೆ ನೆರಳೇ ಸಿಗುತ್ತೆ, ನೆರಳಿಗಿಂತ ದೊಡ್ಡ ಬಣ್ಣ ಇಲ್ಲ.

ಕಿಟಕಿಗೂ ಇದೇ ಮಾತು. ಬಿಸಿಲನ್ನ ಗಾಜಿನ ಹೊರಗೇ ತಡೀಬೇಕು. ಒಳಗೆ ಎಷ್ಟು ದಪ್ಪ ಕರ್ಟನ್ ಹಾಕಿದ್ರೂ ಬಿಸಿಲು ಆಗ್ಲೇ ಗಾಜು ದಾಟಿ ಬಂದಾಗಿರುತ್ತೆ, ಕರ್ಟನ್ ಕಾದು ಅದೇ ಬಿಸಿನ ರೂಮಿಗೆ ಬಿಡುತ್ತೆ, ಬಂದ ಕಳ್ಳನ್ನ ಒಳಗೆ ಕೂರಿಸಿ ಬಾಗಿಲು ಹಾಕಿದ ಹಾಗೆ. ಸಜ್ಜಾ, ಹೊರಗಿನ ಬಿದಿರು ತಟ್ಟಿ, ಜಾಲಿ, ಶಟರ್ ಯಾವ್ದಾದ್ರೂ ಆಗ್ಲಿ ಹೊರಗಿರ್ಲಿ. ಅದ್ರಲ್ಲೂ ಪಶ್ಚಿಮದ ಕಿಟಕಿ ಬಲು ಕಷ್ಟ, ಸಂಜೆ ಸೂರ್ಯ ಕೆಳಗಿಳಿದು ನೇರ ಒಳಗೆ ಬರ್ತಾನೆ, ಮೇಲಿನ ಸಜ್ಜಾಗೆ ಅವನು ಸಿಗಲ್ಲ, ಅಲ್ಲಿ ಅಡ್ಡಡ್ಡ ತಡೆ ಬೇಕು. ಇನ್ನು ಕಿಟಕಿ ತೆಗೆಯೋ ಟೈಮು. ಹೊರಗಿನ ಗಾಳಿ ಒಳಗಿಗಿಂತ ಬಿಸಿ ಇದ್ದಾಗ ಮುಚ್ಚಿ, ತಣ್ಣಗಾದ ಮೇಲೆ ಎದುರುಬದುರಿನ ಎರಡು ಕಿಟಕಿ ತೆಗೀರಿ, ರಾತ್ರಿ ಪೂರ್ತಿ ಗೋಡೆ ತಣೀಲಿ. ಬಹಳ ಜನ ಉಲ್ಟಾ ಮಾಡ್ತಾರೆ, ಮಧ್ಯಾಹ್ನ ಗಾಳಿ ಬರ್ಲಿ ಅಂತ ತೆಗೀತಾರೆ ರಾತ್ರಿ ಸೊಳ್ಳೆ ಅಂತ ಮುಚ್ತಾರೆ. ಸೊಳ್ಳೆ ಪರದೆ ಹಾಕಿಸೋ ದುಡ್ಡು ಇದ್ಯಲ್ಲ, ತಂಪಿಗೆ ಹಾಕೋ ದುಡ್ಡಲ್ಲಿ ಅದಕ್ಕಿಂತ ಸಾರ್ಥಕವಾದದ್ದು ಕಮ್ಮಿ.

ಎಸಿ ಬೇಡ್ವೇ ಬೇಡ ಅನ್ನೋ ಜಾತಿಯವನಲ್ಲ ನಾನು. ವಯಸ್ಸಾದವರು, ಎಳೇ ಮಗು, ಹೃದಯದ ಕಾಯಿಲೆಯವರು ಇರೋ ಮನೇಲಿ, ಮೈ ಬೆವರೂ ಒಣಗದಷ್ಟು ತೇವದ ಸೆಕೆ ಇರೋ ಕಡೆ, ಅದು ಐಷಾರಾಮ ಅಲ್ಲ ಔಷಧಿ. ಆದ್ರೆ ಎಸಿ ತಂಪನ್ನ ತಯಾರು ಮಾಡಲ್ಲ, ಬಿಸಿನ ಎತ್ತಿ ಹೊರಗೆ ಹಾಕುತ್ತೆ. ಒಳಗಿಂದ 3 ಪಾಲು ಬಿಸಿ ತೆಗೆಯೋಕೆ 1 ಪಾಲು ಕರೆಂಟ್ ತಿಂದ್ರೆ ಹೊರಗೆ ಉಗಿಯೋದು 4 ಪಾಲು. ಇಕ್ಕಟ್ಟಿನ ಬೀದೀಲಿ ಎದುರುಬದುರು ಐವತ್ತು ಹೊರಗಿನ ಯೂನಿಟ್ ಇದ್ರೆ ಪ್ರತಿಯೊಬ್ಬರೂ ಪಕ್ಕದವರ ಕಿಟಕಿಗೆ ಬಿಸಿ ಊದ್ತಾ ಕೂತಿರ್ತಾರೆ, ಅವರು ಅದಕ್ಕೇ ಇನ್ನೊಂದು ಡಿಗ್ರಿ ಇಳಿಸ್ತಾರೆ. ಜೊತೆಗೆ ಗ್ಯಾಸಿನ ವಿಷಯ, ಇದನ್ನ ಸರ್ವಿಸ್ ಮಾಡೋಕೆ ಬರೋರು ಯಾರೂ ಹೇಳಲ್ಲ. ಹಳೇ ಎಸಿಗಳಲ್ಲಿರೋ ಆರ್-410ಎ ಒಂದು ಕೆಜಿ ಸೋರಿದ್ರೆ ಭೂಮಿನ ಬಿಸಿ ಮಾಡೋ ಲೆಕ್ಕದಲ್ಲಿ ಸುಮಾರು 2000 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ, ಅಂದ್ರೆ ಎರಡು ಟನ್ನಿಗೂ ಜಾಸ್ತಿ ಸಿಮೆಂಟ್ ತಯಾರಿಸಿದಷ್ಟು. ಆರ್-32ಕ್ಕೆ ಅದೇ ಲೆಕ್ಕ 675, ಆರ್-290 ಅಂದ್ರೆ ಪ್ರೊಪೇನಿಗೆ ಒಂದಂಕಿ. ಹೊಸದು ತಗೊಳ್ಳೋವಾಗ ಸ್ಟಾರ್ ಜೊತೆ ಗ್ಯಾಸಿನ ಹೆಸರೂ ನೋಡಿ, ವರ್ಷ ವರ್ಷ "ಗ್ಯಾಸ್ ಫಿಲ್" ಮಾಡಿಸ್ತಾ ಇದೀರಾ ಅಂದ್ರೆ ಎಲ್ಲೋ ಸೋರ್ತಿದೆ ಅಂತಲೇ ಅರ್ಥ, ಮೊದ್ಲು ಲೀಕ್ ಹುಡುಕಿಸಿ.

ಈಗ ಎರಡನೇ ಪ್ರಶ್ನೆಗೆ ಬರೋಣ. ಲೋ ಕಾರ್ಬನ್ ಮನೆ, ಅಂದ್ರೆ ಕಟ್ಟೋಕೆ, ನಡೆಸೋಕೆ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಬಿಡೋ ಮನೆ, ನಿಜಾನೇ, ಆದ್ರೆ ಆ ಹೆಸರಲ್ಲಿ ಮಾರ್ತಿರೋದೆಲ್ಲಾ ಅದಲ್ಲ. ಸಿಮೆಂಟಿನ ಸಮಸ್ಯೆ ಏನು ಅಂತ ಮೊದ್ಲು ತಿಳ್ಕೊಳ್ಳಿ. ಜಗತ್ತಿನ ಕಾರ್ಬನ್ ಡೈಆಕ್ಸೈಡಲ್ಲಿ 7-8 ಪರ್ಸೆಂಟ್ ಸಿಮೆಂಟ್ ಒಂದರಿಂದಲೇ ಬರುತ್ತೆ. ಗೂಡಿಗೆ ಕಲ್ಲಿದ್ದಲು ಸುಡ್ತಾರಲ್ಲ ಅದಕ್ಕೇ ಅಂತ ಎಲ್ರೂ ಅಂದ್ಕೊಂಡಿರ್ತಾರೆ, ಅದು ಸಣ್ಣ ಪಾಲು. ದೊಡ್ಡ ಪಾಲು ಬರೋದು ಕಲ್ಲಿಂದಾನೇ, 100 ಕೆಜಿ ಶುದ್ಧ ಸುಣ್ಣದ ಕಲ್ಲು ಸುಟ್ರೆ 56 ಕೆಜಿ ಸುಣ್ಣ ಉಳಿಯುತ್ತೆ, 44 ಕೆಜಿ ಗಾಳಿಗೆ ಹೋಗುತ್ತೆ. ಗೂಡನ್ನ ಪೂರ್ತಿ ಸೋಲಾರಲ್ಲೇ ನಡೆಸಿದ್ರೂ ಆ 44 ಹೋಗೇ ಹೋಗುತ್ತೆ, ಅದು ಕೆಮಿಸ್ಟ್ರಿ, ಅದರ ಜೊತೆ ಚೌಕಾಸಿ ಆಗಲ್ಲ. ಉಳಿದಿರೋ ದಾರಿ ಅಂದ್ರೆ ಸಿಮೆಂಟ್ ಕಮ್ಮಿ ಬಳಸೋದು, ಇಲ್ಲಾ ಸಿಮೆಂಟೊಳಗೆ ಸುಟ್ಟ ಕಲ್ಲಿನ ಪಾಲು, ಅಂದ್ರೆ ಕ್ಲಿಂಕರ್ ಕಮ್ಮಿ ಮಾಡೋದು.

ಕಮ್ಮಿ ಬಳಸೋದು ಅಂದ್ರೆ ಮನೆ ಬಡವಾಗುತ್ತೆ ಅಂತಲ್ಲ. ಹಳೇ ಮನೆ ಗಟ್ಟಿ ಇದ್ರೆ ಕೆಡವಬೇಡಿ, ಮೇಲೆ ಕಟ್ಟೋಕಾಗುತ್ತಾ ಅಂತ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ, ಕೆಡವದ ಕಟ್ಟಡಕ್ಕಿಂತ ಲೋ ಕಾರ್ಬನ್ ಕಟ್ಟಡ ಇನ್ನೊಂದಿಲ್ಲ. ಪಿಲ್ಲರ್ ಪಿಲ್ಲರಿನ ನಡುವೆ ಅಂತರ ಮಿತಿಯಲ್ಲಿರ್ಲಿ, ಹಾಲ್ ಮಧ್ಯೆ ಪಿಲ್ಲರೇ ಬರಬಾರ್ದು ಅನ್ನೋ ಒಂದು ಆಸೆಗೆ ಬೀಮು ದಪ್ಪ, ಸ್ಲ್ಯಾಬು ದಪ್ಪ, ಕಂಬಿ ಡಬಲ್ ಆಗುತ್ತೆ. ಸೈಟಲ್ಲಿ ನಿಂತು ನೋಡಿದ್ರೆ ಇನ್ನೊಂದು ಆಟ ಕಾಣುತ್ತೆ, ಕಾಂಕ್ರೀಟು ಸಲೀಸಾಗಿ ಜಾರ್ಲಿ ಅಂತ ನೀರು ಸುರೀತಾರೆ, ಸ್ಟ್ರೆಂತ್ ಹೋಗುತ್ತೆ ಅನ್ನೋ ಭಯಕ್ಕೆ ಮೇಲೊಂದು ಚೀಲ ಸಿಮೆಂಟ್ ಹಾಕ್ತಾರೆ. ನೀರು ಅಳತೆಯಲ್ಲಿದ್ದಿದ್ರೆ ಆ ಚೀಲಾನೇ ಬೇಕಿರಲಿಲ್ಲ. ಸರಿಯಾದ ಮಿಕ್ಸ್ ಡಿಸೈನ್, ಬೇಕಾದ್ರೆ ಸ್ವಲ್ಪ ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೇ ಕಾಂಕ್ರೀಟನ್ನ ಜಾರೋ ಹಾಗೆ ಮಾಡೋ ದ್ರಾವಣ), ನೀರಿಗೊಂದು ಅಳತೆ ಡಬ್ಬ. ಯಾವ ಗ್ರೀನ್ ಸರ್ಟಿಫಿಕೇಟಿಗಿಂತ ಇದು ಹೆಚ್ಚು ಕಾರ್ಬನ್ ಉಳಿಸುತ್ತೆ ಅಂತ ನನ್ನ ಅಭಿಪ್ರಾಯ, ಆದ್ರೆ ಡಬ್ಬಕ್ಕೆ ಯಾರೂ ಪ್ರಶಸ್ತಿ ಕೊಡಲ್ಲ ನೋಡಿ.

ಸಿಮೆಂಟ್ ಯಾವುದು ಅಂದ್ರೆ, ಫ್ಲೈ ಆಶ್ (ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡೋ ಕಡೆಯ ಬೂದಿ) ಅಥವಾ ಸ್ಲ್ಯಾಗ್ (ಉಕ್ಕಿನ ಕಾರ್ಖಾನೆಯ ಕಿಟ್ಟ) ಸೇರಿಸಿದ್ದು ತಗೊಳ್ಳಿ, ಸಾಮಾನ್ಯ ಮನೆಗೆ ಧಾರಾಳ ಸಾಕು. ಇದು ಸ್ವಲ್ಪ ನಿಧಾನಕ್ಕೆ ಗಟ್ಟಿಯಾಗುತ್ತೆ ಅಷ್ಟೇ, ಕ್ಯೂರಿಂಗ್, ಅಂದ್ರೆ ನೀರು ಹಾಕಿ ಒದ್ದೆ ಇಡೋದು, ಕನಿಷ್ಠ ಹತ್ತು ದಿನ, ಬಿಸಿಲ ಕಾಲ ಆದ್ರೆ ಎರಡು ವಾರ ಬೇಕು, ಸೆಂಟ್ರಿಂಗ್ ಬಿಚ್ಚೋಕೆ ಮೇಸ್ತ್ರಿ ಆತುರ ಮಾಡಿದ್ರೆ ಬಿಡಬೇಡಿ. ಮುಂದೆ ಕಲ್ಲಿದ್ದಲು ಕರೆಂಟ್ ಕಮ್ಮಿ ಆದ ಹಾಗೆ ಫ್ಲೈ ಆಶೂ ಕಮ್ಮಿ ಆಗುತ್ತೆ, ಹಳೇ ಥರದ ಉಕ್ಕಿನ ಕುಲುಮೆ ಹೋದ್ರೆ ಸ್ಲ್ಯಾಗೂ ಹೋಗುತ್ತೆ, ಅದಕ್ಕೇ ಎಲ್‌ಸಿ3 ಅನ್ನೋ ಹೊಸ ಥರದ ಸಿಮೆಂಟಿನ ಮೇಲೆ ನನಗೆ ನಂಬಿಕೆ ಜಾಸ್ತಿ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿರೋ ಇಪಿಎಫ್‌ಎಲ್ ಅನ್ನೋ ತಾಂತ್ರಿಕ ವಿಶ್ವವಿದ್ಯಾಲಯದ ಕ್ಯಾರೆನ್ ಸ್ಕ್ರಿವೆನರ್, ಕ್ಯೂಬಾ ಮತ್ತೆ ಭಾರತದ ಐಐಟಿಗಳ ಸಂಶೋಧಕರು ಸೇರಿ ಬೆಳೆಸಿದ್ದು ಇದು. ಅರ್ಧ ಮಾತ್ರ ಕ್ಲಿಂಕರು, ಸುಮಾರು 30 ಪರ್ಸೆಂಟ್ ಸುಟ್ಟ ಜೇಡಿ, 15 ಪರ್ಸೆಂಟ್ ಸುಡದ ಸುಣ್ಣದ ಕಲ್ಲಿನ ಪುಡಿ, ಉಳಿದದ್ದು ಜಿಪ್ಸಮ್. ಜೇಡಿ ಸುಡೋಕೆ 800 ಡಿಗ್ರಿ ಆಸುಪಾಸು ಸಾಕು, ಕ್ಲಿಂಕರಿಗೆ 1450 ಬೇಕು. ಒಟ್ಟು ಕಾರ್ಬನ್ 30ರಿಂದ 40 ಪರ್ಸೆಂಟ್ ಕಮ್ಮಿ. ನಿಮಗೆ ಸಿಕ್ರೆ ಧೈರ್ಯವಾಗಿ ತಗೊಳ್ಳಿ, ನೀರಿನ ಅಂಶ ಸ್ವಲ್ಪ ಜಾಸ್ತಿ ಕೇಳುತ್ತೆ ಅನ್ನೋದು ಮೇಸ್ತ್ರಿಗೆ ಗೊತ್ತಿರ್ಲಿ, ಅಲ್ಲಿ ನೀರು ಸುರಿಯೋ ಬದಲು ಪ್ಲಾಸ್ಟಿಸೈಜರ್ ಹಾಕ್ಬೇಕು. ಕಂಬಿ ವಿಷಯ ಬೇಗ ಮುಗಿಸ್ತೀನಿ, ಗುಜರಿಯಿಂದ ಎಲೆಕ್ಟ್ರಿಕ್ ಕುಲುಮೇಲಿ ಕರಗಿಸಿದ ಉಕ್ಕಿನ ಕಾರ್ಬನ್ ಅದಿರಿಂದ ಮಾಡಿದ್ದಕ್ಕಿಂತ ಬಹಳ ಕಮ್ಮಿ, ಟೆಸ್ಟ್ ಸರ್ಟಿಫಿಕೇಟ್ ಇರೋದನ್ನೇ ತಗೊಳ್ಳಿ.

ಗೋಡೆಗೆ ಬಂದಾಗ ನಿಮ್ಮ ಎರಡು ಪ್ರಶ್ನೆ ಒಂದಾಗ್ಬಿಡ್ತಾವೆ, ನನಗೆ ಇದೇ ಬಹಳ ಇಷ್ಟದ ಜಾಗ. ಈಗ ಬೇಗ ಮುಗಿಯುತ್ತೆ ಅಂತ ಗೋಡೆ ಸಮೇತ ಎಲ್ಲಾ ಕಾಂಕ್ರೀಟಲ್ಲೇ ಎರಕ ಹೊಯ್ಯೋದು ಜಾಸ್ತಿ ಆಗಿದೆ. ಅಂಥ ತೆಳು ಕಾಂಕ್ರೀಟ್ ಗೋಡೆ ಇಟ್ಟಿಗೆಗಿಂತ ಎರಡು ಪಟ್ಟಷ್ಟು ವೇಗದಲ್ಲಿ ಬಿಸಿ ದಾಟಿಸುತ್ತೆ, ಸಿಮೆಂಟೂ ಜಾಸ್ತಿ ತಿನ್ನುತ್ತೆ, ಬಿಸಿಲೂ ಒಳಗೆ ಕಾರ್ಬನ್ನೂ ಹೊರಗೆ. ಪೂರ್ತಿ ಗಾಜಿನ ಬಿಲ್ಡಿಂಗೂ ಇದೇ ಜಾತಿ. ಮಣ್ಣಿನ ಒತ್ತಿಟ್ಟಿಗೆ ಇದ್ಯಲ್ಲ, ಸೈಟಿನ ಮಣ್ಣಿಗೆ 5-8 ಪರ್ಸೆಂಟ್ ಸಿಮೆಂಟ್ ಸೇರಿಸಿ ಮೆಷಿನ್ನಲ್ಲಿ ಒತ್ತಿ ಮಾಡೋದು, ಸುಡೋ ಕೆಲಸಾನೇ ಇಲ್ಲ. ಜಿಗುಟು ಎರೆ ಮಣ್ಣಾದ್ರೆ ಆಗಲ್ಲ, ಮಣ್ಣು ಟೆಸ್ಟ್ ಮಾಡಿಸ್ಬೇಕು. ರ‍್ಯಾಟ್ ಟ್ರ್ಯಾಪ್ ಬಾಂಡ್‌ನಲ್ಲಿ ಇಟ್ಟಿಗೆನ ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ತಾರೆ, ಇಟ್ಟಿಗೆ ನಾಲ್ಕನೇ ಒಂದು ಪಾಲು ಉಳಿಯುತ್ತೆ, ಆ ಪೊಳ್ಳಲ್ಲಿರೋ ಗಾಳಿ ಬಿಸಿನ ತಡೆಯುತ್ತೆ, ಕೇರಳದಲ್ಲಿ ಕಮ್ಮಿ ಖರ್ಚಿನ ಮನೆ ಕಟ್ಟಿದ ಆರ್ಕಿಟೆಕ್ಟ್ ಲಾರಿ ಬೇಕರ್ ಇದನ್ನ ಮನೆಮಾತು ಮಾಡಿದ್ರು. ಒಳಗೆಲ್ಲಾ ಗಾಳಿಗುಳ್ಳೆ ಇರೋ ಹಗುರ ಎಎಸಿ ಕಾಂಕ್ರೀಟ್ ಬ್ಲಾಕಂತೂ ಬಿಸಿ ದಾಟಿಸೋದ್ರಲ್ಲಿ ಮಹಾ ಸೋಮಾರಿ, ಪಶ್ಚಿಮದ ಗೋಡೆಗೆ ಹೇಳಿ ಮಾಡಿಸಿದ್ದು. ಪ್ಲಾಸ್ಟರ್ ಮಾತ್ರ ಪಳಗಿದ ಕೈಯಲ್ಲಿ ಮಾಡಿಸಿ, ಇಲ್ದಿದ್ರೆ ಬಿರುಕು ಗ್ಯಾರಂಟಿ. ದಪ್ಪ ಗೋಡೆ ಯಾವಾಗ್ಲೂ ತಂಪು ಅನ್ನೋ ನಂಬಿಕೆ ಅರ್ಧ ಸರಿ, ರಾತ್ರಿ ಚೆನ್ನಾಗಿ ತಣಿಯೋ ಒಣ ಹವೆಯಲ್ಲಿ, ಗೋಡೆ ಮೇಲೆ ನೆರಳಿದ್ದಾಗ ಸರಿ. ರಾತ್ರಿನೂ ಬೆವರು ಸುರಿಯೋ ಕಡಲ ತೀರದಲ್ಲಿ ದಪ್ಪ ಗೋಡೆ ಬರೀ ಬಿಸಿ ಕೂಡಿಡೋ ಹುಂಡಿ, ಅಲ್ಲಿ ಗೋಡೆ ಹಗುರ ಇರ್ಲಿ, ಗಾಳಿ ಆಡ್ಲಿ.

ಮೂರನೇದು, ಒಬ್ಬರ ಮನೆಯಿಂದ ಊರಿಗೇನಾಗುತ್ತೆ. ಒಂದು ಟೆರೇಸಿಂದ ಊರಿಗೆ ಏನೂ ಆಗಲ್ಲ, ಸುಳ್ಳು ಹೇಳೋದ್ಯಾಕೆ. ಬೀದಿಗೆ ಬೀದಿನೇ ಮಾಡಿದ್ರೆ ಆಗುತ್ತೆ, ಆದ್ರೆ ಟೆರೇಸಿಗೆ ಸರಿಹೋದ ಉಪಾಯ ರೋಡಿಗೆ ಸರಿಹೋಗುತ್ತೆ ಅಂತ ಹೇಳೋಕಾಗಲ್ಲ. ಲಾಸ್ ಏಂಜಲೀಸಲ್ಲಿ ರೋಡಿಗೇ ತಿಳಿ ಬಣ್ಣದ ಕೋಟಿಂಗ್ ಹಾಕಿ ನೋಡಿದ್ರು. ರೋಡಿನ ಮೈ ಕೆಲವು ಡಿಗ್ರಿ ತಣ್ಣಗಾಯ್ತು ನಿಜ, ಆದ್ರೆ ಅಳತೆ ಮಾಡೋ ಗಾಡಿ ತಂದು ನೋಡಿದಾಗ ಮಧ್ಯಾಹ್ನ ಅಲ್ಲಿ ನಡೆಯೋ ಮನುಷ್ಯನ ಮೈಗೆ ಬೀಳೋ ಬಿಸಿ ಜಾಸ್ತಿನೇ ಆಗಿತ್ತು, ವಾಪಸ್ ಹೋದ ಬಿಸಿಲು ಅವನ ಮೈಗೇ ಬಡೀತಿತ್ತು. ಮನುಷ್ಯ ನಡೆಯೋ ಕಡೆ ಮರ ಬೇಕು, ಬಣ್ಣ ಅಲ್ಲ. ನೀರು ಸಿಗೋ ದೊಡ್ಡ ಮರ ದಿನಕ್ಕೆ 100 ಲೀಟರ್ ಆವಿ ಮಾಡಿದ್ರೆ ಅದರಲ್ಲಿ 68 ಯೂನಿಟ್ ಬಿಸಿ ಕರಗುತ್ತೆ, ನಿಮ್ಮ ಒಂದೂವರೆ ಟನ್ ಎಸಿ ಹದಿಮೂರು ಗಂಟೆ ಓಡಿದಷ್ಟು. ಆದ್ರೂ ಆ ತಂಪು ಗಾಳೀಲಿ ಹಂಚಿ ಹೋಗುತ್ತೆ, ನಿಂತವನಿಗೆ ಸಿಗೋ ದೊಡ್ಡ ಲಾಭ ನೆರಳೇ. ಗಿಡ ನೆಡೋ ದಿನ ಫೋಟೋ ತೆಗೆಸ್ಕೊಳ್ಳೋರು ಬೇರಿಗೆ ಎಷ್ಟು ಮಣ್ಣು ಬಿಟ್ರಿ ಅಂತ ಕೇಳಲ್ಲ, ಬುಡಕ್ಕೆ ಕತ್ತು ಹಿಸುಕಿದ ಹಾಗೆ ಸಿಮೆಂಟ್ ಬಳಿದ್ರೆ ಮರ ಕೊಡೆ ಆಗೋದು ಯಾವಾಗ? ಮೆಲ್ಬರ್ನ್ ನಗರದವರು 2012ರಲ್ಲಿ 2040ರೊಳಗೆ ರಸ್ತೆ, ಪಾರ್ಕಿನ 40 ಪರ್ಸೆಂಟ್ ಜಾಗ ಮರದ ನೆರಳಲ್ಲಿರಬೇಕು ಅಂತ ಗುರಿ ಇಟ್ಕೊಂಡ್ರು, ಜೊತೆಗೆ ಒಂದೇ ಜಾತಿಯ ಮರ 5 ಪರ್ಸೆಂಟ್ ದಾಟಬಾರ್ದು ಅಂತಾನೂ ಹೇಳಿದ್ರು, ಒಂದು ರೋಗ ಬಂದು ಬೀದಿನೇ ಬೋಳಾಗಬಾರ್ದು ಅಂತ. ಜರ್ಮನಿಯ ಸ್ಟಟ್‌ಗಾರ್ಟ್ ಇನ್ನೂ ಮೇಲೆ, ಬಟ್ಟಲಿನಂಥ ಕಣಿವೇಲಿರೋ ಊರದು, ರಾತ್ರಿ ಗುಡ್ಡದಿಂದ ಇಳಿಯೋ ತಂಗಾಳಿ ದಾರೀಲಿ ಬಿಲ್ಡಿಂಗ್ ಎದ್ದು ಅಡ್ಡ ಆಗಬಾರ್ದು ಅಂತ ಕಾಪಾಡ್ಕೊಂಡು ಬಂದಿದಾರೆ, ಊರಿನ ಹವೆ ನೋಡ್ಕೊಳ್ಳೋಕೆ ಅಂತಲೇ 1938ರಲ್ಲಿ ಒಬ್ಬ ಹವಾಮಾನ ತಜ್ಞನ್ನ ನಗರಸಭೆ ಕೆಲಸಕ್ಕೆ ಇಟ್ಕೊಂಡಿತ್ತು.

ಇವೆಲ್ಲಾ ವರ್ಷಗಟ್ಟಲೆ ಹಿಡಿಯೋ ಕೆಲಸ, ಸೆಕೆ ಅಲ್ಲಿವರೆಗೂ ಕಾಯಲ್ಲ. 1995ರ ಜುಲೈಯಲ್ಲಿ ಶಿಕಾಗೋದಲ್ಲಿ ಒಂದೇ ಬಿಸಿ ಅಲೆಗೆ 700ಕ್ಕೂ ಹೆಚ್ಚು ಜನ ಸತ್ರು, ಆಮೇಲೆ ಮನೆ ಮನೆ ವಿಚಾರಿಸಿದಾಗ ಒಂಟಿಯಾಗಿದ್ದವರು, ಹಾಸಿಗೆ ಹಿಡಿದವರು, ಮತ್ತೆ ನೋಡಿ, ಟಾಪ್ ಫ್ಲೋರಲ್ಲಿದ್ದವರಿಗೆ ಅಪಾಯ ಜಾಸ್ತಿ ಇತ್ತು ಅಂತ ತಿಳೀತು. ಅಹಮದಾಬಾದಲ್ಲಿ 2010ರ ಮೇ ತಿಂಗಳಲ್ಲಿ ಮಾಮೂಲಿಗಿಂತ 1344 ಸಾವು ಜಾಸ್ತಿ ಆದ ಮೇಲೆ 2013ರಲ್ಲಿ ಅಲ್ಲಿನ ಪಾಲಿಕೆ ದಕ್ಷಿಣ ಏಷ್ಯಾದಲ್ಲೇ ಮೊದಲ ಹೀಟ್ ಆಕ್ಷನ್ ಪ್ಲಾನ್ ಮಾಡ್ತು, ಮುನ್ಸೂಚನೆ ನೋಡಿ ಎಚ್ಚರಿಕೆ ಕೊಡೋದು, ಆಸ್ಪತ್ರೆ ಸಿಬ್ಬಂದಿಗೆ ಟ್ರೇನಿಂಗ್, ಕುಡಿಯೋ ನೀರು, ಆಮೇಲೆ ನಿಮ್ಮ ಹಾಗೆ ಟೆರೇಸಿಗೆ ಬಿಳಿ. ನಿಮ್ಮ ಬಿಲ್ಡಿಂಗಲ್ಲಿ ಮೇಲಿನ ಮನೇಲಿ ವಯಸ್ಸಾದವರು ಒಬ್ರೇ ಇದ್ರೆ ವಿಪರೀತ ಸೆಕೆ ದಿನ ಮಧ್ಯಾಹ್ನ ಒಂದ್ಸಲ, ರಾತ್ರಿ ಒಂದ್ಸಲ ಬಾಗಿಲು ತಟ್ಟಿ ಮಾತಾಡಿಸಿ, ಕೆಳಗಿನ ತಣ್ಣನೆ ಮನೇಲಿ ಎರಡು ಮೂರು ತಾಸು ಕೂರೋಕೆ ಕರೀರಿ. ಅದಕ್ಕೆ ಬಜೆಟ್ ಬೇಕಾಗಿಲ್ಲ.

ಕೊನೇಗೆ ಒಂದು ಕೆಲಸ ಹೇಳ್ತೀನಿ, ಬಣ್ಣದವರು ಬರೋಕೆ ಮುಂಚೆನೇ ಮಾಡಬೇಕು. ಒಂದು ಸಾದಾ ಥರ್ಮಾಮೀಟರ್ ತಂದು ಬೆಡ್‌ರೂಮಿನ ಒಳಗೋಡೆಗೆ ನೇತುಹಾಕಿ, ಮಧ್ಯಾಹ್ನ ಎರಡಕ್ಕೆ ರಾತ್ರಿ ಹನ್ನೊಂದಕ್ಕೆ ಎಷ್ಟಿದೆ ಅಂತ ಒಂದು ವಾರ ಬರೆದಿಡಿ, ಬಣ್ಣ ಆದ್ಮೇಲೆ ಇನ್ನೊಂದು ವಾರ. ಹೊರಗಿನ ನೆರಳಿನ ತಾಪಮಾನಾನೂ ಪಕ್ಕದಲ್ಲೇ ಬರೀರಿ, ಇಲ್ದಿದ್ರೆ ಮೋಡ ಕವಿದ ದಿನದ ಕ್ರೆಡಿಟ್ಟೆಲ್ಲಾ ಬಣ್ಣದ ಕಂಪನಿಗೆ ಹೋಗುತ್ತೆ.